ಕೆರೆ ಮತ್ತು ಟ್ಯಾಂಕು: ದುರ್ಗದ ಸೀಮೆಯಲ್ಲಿ ಒಂದು ಪದದ ಚರಿತ್ರೆ

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಹೋಬಳಿಗಳಲ್ಲಿ ಒಂದಾದ ಮಾಡದಕೆರೆಯ ಹೆಸರು, ಅದೇ ಜಿಲ್ಲೆಯ ತಾಲ್ಲೂಕು ಕೇಂದ್ರಗಳಾದ ಹೊಳಲ್ಕೆರೆ ಮತ್ತು ಚಳ್ಳಕೆರೆಗಳ ಹೆಸರಿನಂತೆ, ಊರಿಗೂ ಕಟ್ಟಿ ನಿಲ್ಲಿಸಿದ ನೀರಿಗೂ ಇರುವ ಸಂಬಂಧವನ್ನು ಹೇಳುತ್ತದೆ. ಮಳೆ ಕಡಿಮೆಯಾದ, ಬಿದ್ದ ಮಳೆಯೂ ಕೆಲವೇ ದಿನಗಳಲ್ಲಿ ಸುರಿದು ಹರಿದುಹೋಗುವ ಈ ಸೀಮೆಯಲ್ಲಿ ಜನವಸತಿ ನಿಂತದ್ದು ಬಹುಮಟ್ಟಿಗೆ ಕೆರೆಗಳ ಆಸರೆಯಲ್ಲಿ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ದಾಖಲೆಗಳು ಈ ಕೆರೆಗಳನ್ನೆಲ್ಲ ‘ಟ್ಯಾಂಕ್’ ಎಂಬ ಒಂದೇ ಪದದಿಂದ ಕರೆದವು. ಇಂದು ಅದೇ ಪದ ಇದೇ ಹಳ್ಳಿಗಳಲ್ಲಿ ಬೇರೆ ಅರ್ಥಗಳನ್ನು ಪಡೆದು ನೆಲೆಸಿದೆ: ಕಂಬಗಳ ಮೇಲೆ ನಿಂತ ಕಾಂಕ್ರೀಟಿನ ನೀರಿನ ತೊಟ್ಟಿ, ತಾರಸಿಯ ಮೇಲಿನ ಕಪ್ಪು ಪ್ಲಾಸ್ಟಿಕ್ ಡ್ರಮ್ಮು, ಬೈಕಿನಲ್ಲಿ ಪೆಟ್ರೋಲು ತುಂಬುವ ಭಾಗ, ಶೌಚಾಲಯದ ಗುಂಡಿ, ಯುದ್ಧರಂಗದ ಉಕ್ಕಿನ ವಾಹನ ಇವೆಲ್ಲವೂ ಟ್ಯಾಂಕುಗಳೇ, ಕೆರೆಯನ್ನು ಮಾತ್ರ ಯಾವ ರೈತನೂ ಟ್ಯಾಂಕು ಎನ್ನುವುದಿಲ್ಲ. ಆದರೂ ಆ ಕೆರೆಯ ದುರಸ್ತಿಗೆ ಸಿದ್ಧವಾಗುವ ಇಂಗ್ಲಿಷ್ ಅಂದಾಜುಪಟ್ಟಿಯಲ್ಲಿ ಅದು ಇವತ್ತಿಗೂ ಟ್ಯಾಂಕೇ ಆಗಿರುವುದರಿಂದ, ಈ ಪದದ ಅರ್ಥಾಂತರಗಳ ಕಥೆ ನಿಘಂಟಿಗಷ್ಟೇ ಸೇರಿದ್ದಲ್ಲ, ಸೀಮೆಯ ನೀರಾವರಿಯ ಚರಿತ್ರೆಗೂ ಸೇರಿದ್ದು.

ಇಂಗ್ಲಿಷಿನ ಈ ಒಂದು ಪದದಡಿ ಬಂದು ಸೇರಿದ ಕನ್ನಡದ ಹೆಸರುಗಳು ಹಲವು, ಮತ್ತು ಅವುಗಳಲ್ಲಿ ಒಂದೊಂದೂ ಬೇರೆ ಬೇರೆ ಕಟ್ಟಡವನ್ನು, ಬೇರೆ ಬೇರೆ ಬಳಕೆಯನ್ನು ಸೂಚಿಸುತ್ತಿತ್ತು. ಕೆರೆಯೆಂದರೆ ಇಳಿಜಾರಿನ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ, ಒಳಮೈಗೆ ಕಲ್ಲು ಹೊದಿಸಿ, ನೀರನ್ನು ಅಳತೆಯಲ್ಲಿ ಹೊರಬಿಡಲು ತೂಬನ್ನೂ ಹೆಚ್ಚಾದ ನೀರು ಏರಿಗೆ ಅಪಾಯ ತರದೆ ಹರಿದುಹೋಗಲು ಕೋಡಿಯನ್ನೂ ಇರಿಸಿದ ಜಲಾಶಯ. ನೀರು ನಿಲ್ಲುವ ಒಳಭಾಗ ಅದರ ಅಂಗಳ, ತೂಬಿನ ನೀರು ಮುಟ್ಟುವ ಗದ್ದೆ ತೋಟಗಳ ಒಟ್ಟು ಪ್ರದೇಶ ಅದರ ಅಚ್ಚುಕಟ್ಟು, ಆ ನೀರನ್ನು ಸರದಿಯಂತೆ ಹಂಚುವವನು ನೀರುಗಂಟಿ. ಕಟ್ಟೆ ಇದಕ್ಕಿಂತ ಚಿಕ್ಕದು, ಹಲವು ಕಡೆ ಅದಕ್ಕೆ ತೂಬೇ ಇರುವುದಿಲ್ಲ. ದನಕರುಗಳಿಗೆಂದೇ ಕಟ್ಟಿದ್ದು ಗೋಕಟ್ಟೆ. ಕುಂಟೆ ಎಂದರೆ ತಗ್ಗಿನಲ್ಲಿ ನಿಂತ ಅಥವಾ ಅಗೆದು ನಿಲ್ಲಿಸಿದ ಸಣ್ಣ ನೀರು. ಹೊಂಡವೆಂಬ ಹೆಸರು ದುರ್ಗದಲ್ಲಿ ಕೋಟೆಯ ಒಳಗೂ ಊರಿನ ನಡುವೆಯೂ ಕಲ್ಲಿನಿಂದ ಕಟ್ಟಿದ, ಮುಖ್ಯವಾಗಿ ಮನೆಬಳಕೆಯ ನೀರಿನಾಸರೆಗಳಿಗೆ ಸಲ್ಲುತ್ತದೆ: ಕೋಟೆಯ ಗೋಪಾಲಸ್ವಾಮಿ ಹೊಂಡ ಮತ್ತು ಅಕ್ಕತಂಗಿಯರ ಹೊಂಡ, ಪೇಟೆಯ ಸಂತೆಹೊಂಡ ಮತ್ತು ಸಿಹಿನೀರು ಹೊಂಡ. ಬಂಡೆಯ ಸಂದಿನಲ್ಲಿ ನೀರು ತಂಗುವ ತಾಣ ದೋಣಿ; ಕೋಟೆಯ ತಣ್ಣೀರುದೋಣಿ ಅಂಥದ್ದು. ದೇವಸ್ಥಾನದ ಮುಂದಿನ ಮೆಟ್ಟಿಲುಗಳ ಕೊಳ ಕಲ್ಯಾಣಿ ಅಥವಾ ಪುಷ್ಕರಣಿ. ಹೆಸರು ಕೇಳಿದೊಡನೆ ಆ ನೀರು ಗದ್ದೆಗೋ, ದನಕ್ಕೋ, ಕುಡಿಯುವುದಕ್ಕೋ, ದೇವರ ಕೆಲಸಕ್ಕೋ ಎಂಬುದು ತಿಳಿಯುತ್ತಿತ್ತು. ಅದನ್ನು ಕಾಯುವ ಹೊಣೆ ಯಾರದೆಂಬುದೂ ಬಹುಮಟ್ಟಿಗೆ ತಿಳಿಯುತ್ತಿತ್ತು.

ಈ ಸೀಮೆಯಲ್ಲಿ ಇಂಥ ರಚನೆಗಳ ಲಿಖಿತ ಸಾಕ್ಷ್ಯ ಬಹಳ ಹಿಂದಿನದು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ, ಭೈರವೇಶ್ವರ ದೇವಾಲಯದ ಬಳಿಯ ಬಂಡೆಯ ಮೇಲಿರುವ, 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಪ್ರಾಕೃತ ಶಾಸನವು ಕದಂಬ ವಂಶದ ಮೂಲಪುರುಷ ಮಯೂರಶರ್ಮನದು, ಸುಮಾರು ನಾಲ್ಕನೆಯ ಶತಮಾನಕ್ಕೆ ಸೇರಿದ್ದು. ಅದರಲ್ಲಿ ಬರುವ ಪಲ್ಲವ, ಆಭೀರ, ತ್ರೈಕೂಟ ಮೊದಲಾದ ಹೆಸರುಗಳ ಓದಿನ ಬಗ್ಗೆ ವಿದ್ವಾಂಸರು ವಾದಿಸಿದ್ದಾರಾದರೂ, ಆ ಬರಹದ ಸಂದರ್ಭ ಒಂದು ‘ತಟಾಕ’ದ ನಿರ್ಮಾಣ ಎಂಬುದು ಗಮನಿಸಬೇಕಾದ ಸಂಗತಿ: ಕರ್ನಾಟಕದ ಮೊದಲ ದೇಶೀಯ ರಾಜವಂಶವೆಂದು ಎಣಿಸುವ ಮನೆತನದ ಅತ್ಯಂತ ಹಳೆಯ ದಾಖಲೆ ಒಂದು ಕೆರೆಯ ದಾಖಲೆಯಾಗಿದೆ. ಅದೇ ವಂಶದ ಕಾಕುಸ್ಥವರ್ಮನು ಕಟ್ಟಿಸಿದ ತಟಾಕವೊಂದು ತಾಳಗುಂದದ ಪ್ರಸಿದ್ಧ ಸ್ತಂಭಶಾಸನಕ್ಕೂ ಕಾರಣವಾಯಿತು. ಅನಂತರದ ಶತಮಾನಗಳ ಕನ್ನಡ ಶಾಸನಗಳಲ್ಲಿ ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ತಿದ್ದಿಸಿದವನಿಗೆ ಬಿಡುವ ಭೂಮಿ ಕಟ್ಟುಕೊಡಗೆ, ಕೆರೆಯ ಕೆಲಸಕ್ಕಾಗಿ ಉತ್ಪನ್ನದಿಂದ ಅಥವಾ ಭೂಮಿಯಿಂದ ತೆಗೆದಿಡುವ ಪಾಲು ದಸವಂದ, ಕೆರೆಯ ಕೆಳಗೆ ಕೊಡುವ ದತ್ತಿ ಬಿತ್ತುವಟ್ಟ ಎಂಬ ಪದಗಳು ಮತ್ತೆ ಮತ್ತೆ ಬರುತ್ತವೆ. ವಿಜಯನಗರದ ಕಾಲದಲ್ಲಿ, 1369ರಲ್ಲಿ, ಈಗಿನ ಆಂಧ್ರಪ್ರದೇಶದ ಪೋರುಮಾಮಿಳ್ಳದಲ್ಲಿ ಕೆತ್ತಿಸಿದ ಶಾಸನವಂತೂ ಒಳ್ಳೆಯ ಕೆರೆಯ ಹನ್ನೆರಡು ಅಂಗಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ವಿವರಿಸಿ, ಆ ಏರಿಯ ಕೆಲಸಕ್ಕೆ ಸಾವಿರ ಆಳುಗಳೂ ನೂರು ಗಾಡಿಗಳೂ ಎರಡು ವರ್ಷ ದುಡಿದ ಲೆಕ್ಕವನ್ನು ಕೊಡುತ್ತದೆ. ಇದು ತಾಂತ್ರಿಕ ಜ್ಞಾನವನ್ನೂ ಆಡಳಿತದ ಹೊಣೆಯನ್ನೂ ಬೇರ್ಪಡಿಸದ ಪದ್ಧತಿ, ಮತ್ತು ಆ ಪದ್ಧತಿಯ ತಿರುಳು ಅದರ ಪದಗಳಲ್ಲಿ ಉಳಿದುಬಂದಿದೆ.

ಟ್ಯಾಂಕು ಎಂಬ ಪದದ ಹುಟ್ಟಿನ ಬಗ್ಗೆ ಎರಡು ಅಭಿಪ್ರಾಯಗಳಿವೆ. ನಿಂತ ನೀರನ್ನು ಹೇಳುವ ಲ್ಯಾಟಿನ್ ಪದದಿಂದ ಬಂದ ಪೋರ್ಚುಗೀಸರ ‘ಟಾಂಕೆ’ಯೇ ಮೂಲವೆಂಬುದು ಒಂದು, ಪಶ್ಚಿಮ ಭಾರತದ ಭಾಷೆಗಳಲ್ಲಿ ನೆಲದಡಿಯ ಅಥವಾ ಬಂಡೆಯಲ್ಲಿ ಕೊರೆದ ನೀರುತೊಟ್ಟಿಗಿರುವ ಟಾಂಕಾ, ಟಾಕೆ ಮುಂತಾದ ರೂಪಗಳಿಂದ ಬಂತೆಂಬುದು ಇನ್ನೊಂದು. ಯೂಲ್ ಮತ್ತು ಬರ್ನೆಲ್ ಅವರು ಸಂಕಲಿಸಿದ, 1886ರಲ್ಲಿ ಪ್ರಕಟವಾದ, ಭಾರತದ ಇಂಗ್ಲಿಷಿನ ಪದಗಳ ಕೋಶವಾದ ‘ಹಾಬ್ಸನ್-ಜಾಬ್ಸನ್’ ಈ ಎರಡೂ ಕಡೆಯ ಸಾಕ್ಷ್ಯವನ್ನು ಚರ್ಚಿಸುತ್ತದೆ. ಹೊರಗಿನಿಂದ ಬಂದ ವರ್ತಕರು ಇಲ್ಲಿ ಕೇಳಿದ ಪದಕ್ಕೂ ತಮ್ಮ ಭಾಷೆಯ ಪದಕ್ಕೂ ಇದ್ದ ಹೋಲಿಕೆಯಿಂದ ಎರಡೂ ಬೆರೆತು ಇಂಗ್ಲಿಷಿಗೆ ಹೋದವು ಎಂಬುದೇ ಹೆಚ್ಚು ಸಂಭಾವ್ಯ. ಹೇಗೇ ಇರಲಿ, ಇಂಗ್ಲಿಷಿನಲ್ಲಿ ಈ ಪದ ಹದಿನೇಳನೆಯ ಶತಮಾನದಲ್ಲಿ ಮೊದಲು ನೆಲೆಗೊಂಡದ್ದು ಭಾರತದ ಕೊಳ ಕೆರೆಗಳನ್ನು ಹೇಳುವುದಕ್ಕಾಗಿ. ದ್ರವವನ್ನು ತುಂಬಿಡುವ ದೊಡ್ಡ ಪಾತ್ರೆ ಎಂಬ ಅರ್ಥ ಬಳಿಕ ಬೆಳೆಯಿತು. ಮಹಾರಾಷ್ಟ್ರದ ಗಿರಿದುರ್ಗಗಳಲ್ಲಿ ಟಾಕೆ ಎನ್ನುವ ಬಂಡೆಯ ತೊಟ್ಟಿಗೂ ಚಿತ್ರದುರ್ಗದಲ್ಲಿ ದೋಣಿ ಎನ್ನುವುದಕ್ಕೂ ಕೆಲಸದಲ್ಲಿ ಹೆಚ್ಚು ಅಂತರವಿಲ್ಲ. ಆ ಪದದ ಮೂಲ ಅರ್ಥಕ್ಕೆ ನಿಕಟವಾದದ್ದು ದುರ್ಗದ ದೋಣಿಯೇ ಹೊರತು ಮಾಡದಕೆರೆಯಂಥ ಊರುಗಳ ಹೆಸರಿನಲ್ಲಿರುವ ಕೆರೆಯಲ್ಲ.

ಆದರೆ ಇಂಗ್ಲಿಷ್ ಬರಹಗಾರರು ಪದವನ್ನು ಬಹು ಅಗಲವಾಗಿ ಹರಡಿದರು. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಎರಡು ಗುಡ್ಡಗಳ ನಡುವೆ ರಾಯನು ಸಾವಿರಾರು ಜನರಿಂದ ಕಟ್ಟಿಸುತ್ತಿದ್ದ ಮಹಾಕೆರೆಯ ಕೆಲಸವನ್ನು ಕಂಡು ಬರೆದನು. 1900ರಲ್ಲಿ ರಾಬರ್ಟ್ ಸೀವೆಲ್ ಅದನ್ನು ಇಂಗ್ಲಿಷಿಗೆ ತಂದಾಗ ಆ ಕೆರೆ ಟ್ಯಾಂಕ್ ಆಯಿತು. ಟಿಪ್ಪು ಸುಲ್ತಾನನ ಪತನದ ಮರುವರ್ಷ ಮೈಸೂರು ಸೀಮೆಯನ್ನು ಸುತ್ತಿ 1807ರಲ್ಲಿ ತನ್ನ ಪ್ರವಾಸಗ್ರಂಥವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕನನ್ ಹಿರಿಯೂರು, ಚಿತ್ರದುರ್ಗಗಳ ಕಡೆಗೂ ಬಂದಿದ್ದನು. ಅವನ ಬರಹದಲ್ಲಿಯೂ ಈ ಪದ ಬಳಕೆಯಾಗಿದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ಕೆರೆಗೆ ಕೊಟ್ಟ ಇಂಗ್ಲಿಷ್ ಸಮಾನಪದವೂ ಅದೇ. ನಿಘಂಟುಕಾರನಿಗೆ ಬೇರೆ ದಾರಿ ಇರಲಿಲ್ಲ. ಯೂರೋಪಿನ ಮಳೆಯ ದೇಶಗಳಲ್ಲಿ ಕೆರೆಯಂಥ ವಸ್ತುವೇ ವಿರಳವಾದ್ದರಿಂದ ಭಾರತದಲ್ಲಿ ರೂಢಿಯಾಗಿದ್ದ ಪದವನ್ನೇ ಹಿಡಿಯಬೇಕಾಯಿತು.

ಪದ ಆಡಳಿತದ ಕೈಗೆ ಹೋದಾಗ ಅದರ ಪರಿಣಾಮ ಬೇರೆಯಾಯಿತು. 1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷ್ ಕಮಿಷನರುಗಳು ವಹಿಸಿಕೊಂಡರು. ಕಮಿಷನರನಾಗಿದ್ದ ಮಾರ್ಕ್ ಕಬ್ಬನ್‌ನ ಕಾಲದಲ್ಲಿ, 1856ರಲ್ಲಿ, ಲೋಕೋಪಯೋಗಿ ಇಲಾಖೆ ಸ್ಥಾಪನೆಯಾಯಿತು. ಆ ಇಲಾಖೆಯ ಮುಖ್ಯ ಎಂಜಿನಿಯರನಾದ ರಿಚರ್ಡ್ ಸ್ಯಾಂಕಿ, ಬೆಂಗಳೂರಿನ ಕೆರೆಯೊಂದಕ್ಕೆ ಇಂದಿಗೂ ಹೆಸರು ಬಿಟ್ಟುಹೋದವನು, 1866ರಲ್ಲಿ ಮೈಸೂರಿನ ಕೆರೆವ್ಯವಸ್ಥೆಯನ್ನು ಪರಿಶೀಲಿಸಿ, ಸಂಸ್ಥಾನದ ಸುಮಾರು ಶೇಕಡ 60ರಷ್ಟು ಪ್ರದೇಶವನ್ನು ಜನರು ತಾಳ್ಮೆಯ ದುಡಿಮೆಯಿಂದ ಕೆರೆಗಳ ಜಾಲಕ್ಕೆ ಒಳಪಡಿಸಿದ್ದಾರೆಂದೂ ಹೊಸ ಕೆರೆಗೆ ಸ್ಥಳ ಹುಡುಕುವುದೇ ಜಾಣ್ಮೆಯ ಕೆಲಸವಾದೀತೆಂದೂ ಅಭಿಪ್ರಾಯಪಟ್ಟನು. ಅವನು ಕಂಡುಕೊಂಡ ಮುಖ್ಯ ಅಂಶ ಕೆರೆಗಳ ಸರಣಿ: ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಯ ಅಂಗಳಕ್ಕೆ ಹರಿಯುತ್ತದೆ, ಅದರ ಕೋಡಿಯ ನೀರು ಅದರ ಕೆಳಗಿನದಕ್ಕೆ, ಹೀಗೆ ಒಂದು ಕಣಿವೆಯ ಕೆರೆಗಳೆಲ್ಲ ಒಂದಕ್ಕೊಂದು ಕಟ್ಟುಬಿದ್ದಿರುತ್ತವೆ. ಮೇಲೂರಿನವರು ಕೋಡಿಯನ್ನು ಒಂದು ಮೊಳ ಎತ್ತರಿಸಿದರೆ ಕೆಳಗಿನ ಊರಿನ ಗದ್ದೆ ಒಣಗುತ್ತದೆ. ಮೇಲಿನ ಏರಿ ಒಡೆದರೆ ಕೆಳಗಿನ ಏರಿಗಳೂ ಒಡೆಯುತ್ತವೆ.

ಇಷ್ಟು ತಿಳಿದೂ ಇಲಾಖೆಯ ಪುಸ್ತಕಗಳಲ್ಲಿ ಪ್ರತಿಯೊಂದು ಕೆರೆಯೂ ಒಂಟಿ ಅಂಕಿಯಾಗಿ ನಿಂತಿತು. ಮೈಸೂರು ಸರ್ಕಾರ ಕೆರೆಗಳನ್ನು ಅವುಗಳ ಕೆಳಗಿನ ಕಂದಾಯದ ಮೇಲೆ ದೊಡ್ಡವು, ಚಿಕ್ಕವು ಎಂದು ವಿಂಗಡಿಸಿತು. ವರ್ಷಕ್ಕೆ 300 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಕಂದಾಯ ತರುವುದು ದೊಡ್ಡ ಕೆರೆ, ಅದರ ದುರಸ್ತಿ ಲೋಕೋಪಯೋಗಿ ಇಲಾಖೆಯದು. ಉಳಿದವು ಕಂದಾಯ ಇಲಾಖೆ ಮತ್ತು ರೈತರ ಪಾಲಿನವು. ನೀರು ಎಷ್ಟು ಕಾಲ ನಿಲ್ಲುತ್ತದೆ, ಎಷ್ಟು ಬಾವಿಗಳಿಗೆ ಒರತೆ ಕೊಡುತ್ತದೆ, ಎಷ್ಟು ದನ ಕುಡಿಯುತ್ತವೆ ಎಂಬುದಕ್ಕೆ ಆ ವಿಂಗಡಣೆಯಲ್ಲಿ ಸ್ಥಾನವಿರಲಿಲ್ಲ. ಹಿರಿಯೂರು, ಚಳ್ಳಕೆರೆ, ಹೊಸದುರ್ಗಗಳ ಕಡೆ ಅಮೃತಮಹಲ್ ಕಾವಲುಗಳೂ, ಕಾಡುಗೊಲ್ಲರ ಮತ್ತು ಮ್ಯಾಸಬೇಡರ ಹಟ್ಟಿಗಳೂ ಇದ್ದ, ಪಶುಪಾಲನೆಯೇ ಬದುಕಾಗಿದ್ದ ಈ ನಾಡಿನಲ್ಲಿ ಅಚ್ಚುಕಟ್ಟಿಲ್ಲದ ಗೋಕಟ್ಟೆಗೆ ಬೇಸಾಯದ ಕೆರೆಗಿಂತ ಕಡಿಮೆ ಬೆಲೆಯಿರಲಿಲ್ಲ. ಆದರೆ ಅದರಿಂದ ತರಿ ಜಮೀನಿನ ಕಂದಾಯ, ಅಂದರೆ ನೀರಾವರಿ ಭೂಮಿಯ ತೆರಿಗೆ, ಹುಟ್ಟುತ್ತಿರಲಿಲ್ಲವಾದ್ದರಿಂದ ಲೆಕ್ಕದ ಕಣ್ಣಿಗೆ ಅದು ಇದ್ದೂ ಇಲ್ಲದಂತಾಯಿತು. ಕನ್ನಡದ ಬೇರೆ ಬೇರೆ ಹೆಸರುಗಳು ಬೇರೆ ಬೇರೆ ಹೊಣೆಗಳನ್ನು ನೆನಪಿಸುತ್ತಿದ್ದ ಕಡೆ ಇಂಗ್ಲಿಷಿನ ಒಂದೇ ಹೆಸರು ಎಲ್ಲವನ್ನೂ ಒಂದೇ ಅಳತೆಗೋಲಿಗೆ ತಂದದ್ದು ಈ ಕಡೆಗಣನೆಗೆ ಏಕಮಾತ್ರ ಕಾರಣವಲ್ಲದಿದ್ದರೂ ಒಂದು ಕಾರಣವಂತೂ ಹೌದು. 1911ರಲ್ಲಿ ಮೈಸೂರು ಸರ್ಕಾರ ಕೆರೆ ಪಂಚಾಯತಿಗಳ ಕಾಯಿದೆಯನ್ನು ತಂದು ಊರಿನವರನ್ನು ಮತ್ತೆ ದುರಸ್ತಿಯ ಹೊಣೆಗೆ ಕರೆಯಲು ಪ್ರಯತ್ನಿಸಿತು. ಅಷ್ಟು ಹೊತ್ತಿಗೆ ಕಟ್ಟುಕೊಡಗೆ ದಸವಂದಗಳ ಲೋಕ ಹಿಂದೆ ಸರಿದಿತ್ತು.

ಟ್ಯಾಂಕ್ ಎಂದರೇನು ಎಂಬ ಪ್ರಶ್ನೆ ಎರಡು ಸರ್ಕಾರಗಳ ನಡುವಿನ ವ್ಯಾಜ್ಯವೂ ಆಯಿತು. 1892ರ ಫೆಬ್ರವರಿ 18ರಂದು ಮದರಾಸು ಮತ್ತು ಮೈಸೂರು ಸರ್ಕಾರಗಳ ನಡುವೆ ಆದ ಒಪ್ಪಂದವನ್ನು ಕನ್ನಡಿಗರು ಬಹುಮಟ್ಟಿಗೆ ಕಾವೇರಿಯ ಸಂದರ್ಭದಲ್ಲಿ ಮಾತ್ರ ನೆನೆಯುತ್ತಾರೆ. ಆದರೆ ಮದರಾಸಿನ ಪೂರ್ವಸಮ್ಮತಿಯಿಲ್ಲದೆ ಮೈಸೂರು ಹೊಸ ಜಲಾಶಯ ಕಟ್ಟಬಾರದೆಂದು ಅದು ಪಟ್ಟಿಮಾಡಿದ ಹದಿನೈದು ಮುಖ್ಯ ನದಿಗಳಲ್ಲಿ ಹಗರಿ ಎಂಬ ಇನ್ನೊಂದು ಹೆಸರಿನ ವೇದಾವತಿಯೂ ಒಂದು: ಬಾಬಾಬುಡನ್ ಗಿರಿಯಲ್ಲಿ ವೇದಾ ಮತ್ತು ಅವತಿ ಎಂದು ಎರಡಾಗಿ ಹುಟ್ಟಿ, ಅಯ್ಯನಕೆರೆ ಮತ್ತು ಮದಗದಕೆರೆಗಳನ್ನು ತುಂಬಿ, ಕಡೂರಿನ ಕಡೆ ಒಂದಾಗಿ ಹೊಸದುರ್ಗ, ಹಿರಿಯೂರುಗಳ ಮೂಲಕ ಹರಿಯುವ ಹೊಳೆ. ಒಪ್ಪಂದದ ಪ್ರಕಾರ ಹೊಸ ಜಲಾಶಯವೆಂದರೆ ಹಿಂದೆ ಎಂದೂ ಇಲ್ಲದಿದ್ದ ಜಲಾಶಯ ಅಥವಾ ಟ್ಯಾಂಕ್. ಅಲ್ಲದೆ ಹಿಂದೊಮ್ಮೆ ಇದ್ದು 30 ವರ್ಷಗಳಿಗಿಂತ ಹೆಚ್ಚು ಕಾಲ ಹಾಳುಬಿದ್ದಿದ್ದರೆ ಅದೂ ಹೊಸದೇ. ಅಂದರೆ ಅಜ್ಜನ ಕಾಲದಲ್ಲಿ ಏರಿ ಒಡೆದು ಬಿಟ್ಟುಹೋಗಿದ್ದ ಕೆರೆ, ಜನರ ನೆನಪಿನಲ್ಲಿಯೂ ಊರಿನ ಹೆಸರಿನಲ್ಲಿಯೂ ಕೆರೆಯಾಗಿಯೇ ಉಳಿದಿದ್ದರೂ, ಕಾಗದದ ಮೇಲೆ ಅಳಿಸಿಹೋಗುತ್ತಿತ್ತು. 1876–78ರ ಘೋರ ಕ್ಷಾಮದಲ್ಲಿ ಕೆರೆಗಳು ಬತ್ತಿ ಜನ ಸತ್ತ ನೆನಪು ಇನ್ನೂ ಹಸಿಯಾಗಿದ್ದ ಕಾಲ ಅದು.

ಆ ನಿರ್ಬಂಧಗಳ ನಡುವೆಯೇ ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ವೇದಾವತಿಗೆ ಅಡ್ಡಲಾಗಿ ಹಿರಿಯೂರಿನ ಬಳಿಯ ಮಾರಿಕಣಿವೆಯಲ್ಲಿ ಅಣೆಕಟ್ಟಿನ ಕೆಲಸ ಆರಂಭವಾಗಿ 1907ರಲ್ಲಿ ಪೂರ್ಣಗೊಂಡಿತು. ಸುಮಾರು 30 ಟಿಎಂಸಿ, ಅಂದರೆ 3,000 ಕೋಟಿ ಘನ ಅಡಿ, ನೀರು ಹಿಡಿಯುವ ಈ ಜಲಾಶಯಕ್ಕೆ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿನಲ್ಲಿ ವಾಣಿವಿಲಾಸ ಸಾಗರ ಎಂದು ನಾಮಕರಣವಾಯಿತು. ದೊಡ್ಡ ಕೆರೆಯನ್ನು ಸಮುದ್ರ, ಸಾಗರ ಎಂದು ಕರೆಯುವುದು ಹಳೆಯ ರೂಢಿ. ಅದೇ ಜಿಲ್ಲೆಯ ಭೀಮಸಮುದ್ರ, ನೆರೆಯ ಸೂಳೆಕೆರೆಗೆ ಬಂದ ಶಾಂತಿಸಾಗರವೆಂಬ ಹೆಸರು ಇವು ಆ ರೂಢಿಯವೇ. ಕನ್ನಡ ಬಲ್ಲ ಆಡಳಿತ ಹೊಸ ಎಂಜಿನಿಯರಿಂಗಿನ ಕೆಲಸವನ್ನೂ ಹಳೆಯ ಕೆರೆಗಳ ಸಾಲಿಗೆ ಸೇರಿಸಿ ಹೆಸರಿಟ್ಟದ್ದು ಸಹಜವೂ ಉಚಿತವೂ ಆಗಿತ್ತು.

ಇತ್ತ ಇಂಗ್ಲೆಂಡಿನಲ್ಲಿ ಉಗಿಯಂತ್ರ ಮತ್ತು ಕಬ್ಬಿಣದ ತಗಡುಗಳ ಕಾಲ ಬಂದಂತೆ ಟ್ಯಾಂಕ್ ಎಂದರೆ ಮುಚ್ಚಿದ ಲೋಹದ ಪಾತ್ರೆ ಎಂಬ ಅರ್ಥ ಮುಂದೆ ಬಂತು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷರು ಉಕ್ಕಿನ ಹೊದಿಕೆಯ ಚಲಿಸುವ ಯುದ್ಧಯಂತ್ರವನ್ನು ಗುಟ್ಟಾಗಿ ತಯಾರಿಸುವಾಗ, ಕಾರ್ಖಾನೆಯ ಕೆಲಸಗಾರರಿಗೂ ಅದರ ನಿಜ ತಿಳಿಯದಿರಲೆಂದು, ಮೆಸೊಪೊಟೇಮಿಯಾದ ಮರಳುಗಾಡಿಗೆ ನೀರು ಸಾಗಿಸುವ ಟ್ಯಾಂಕುಗಳು ಇವು ಎಂಬ ಸುದ್ದಿ ಹಬ್ಬಿಸಿದರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ರಣರಂಗದಲ್ಲಿ ಆ ಯಂತ್ರ ಕಾಣಿಸಿಕೊಂಡ ಮೇಲೂ ಮರೆಮಾಚುವ ಹೆಸರೇ ಅದಕ್ಕೆ ಅಂಟಿಕೊಂಡಿತು. ಹೀಗೆ ಭಾರತದ ನೀರಿನಿಂದ ಇಂಗ್ಲಿಷಿಗೆ ಹೋದ ಪದ ಬೆಂಕಿಯುಗುಳುವ ವಾಹನದ ಹೆಸರಾಗಿ ಪ್ರಪಂಚದ ಹಲವು ಭಾಷೆಗಳಿಗೆ ಹರಡಿತು. ತಜ್ಞರು ಕೂಡಿ ಆಲೋಚಿಸುವ ಸಂಸ್ಥೆಗೂ ಇಂಗ್ಲಿಷ್ ಇದೇ ಪದವನ್ನು ಜೋಡಿಸಿತು. ಅದಕ್ಕೆ ಮಾತ್ರ ಕನ್ನಡ ಪತ್ರಿಕೆಗಳು ಚಿಂತಕರ ಚಾವಡಿ ಎಂಬ ಸೊಗಸಾದ ಸ್ವಂತ ಹೆಸರನ್ನು ಕಂಡುಕೊಂಡಿವೆ.

ಕನ್ನಡಕ್ಕೆ ಟ್ಯಾಂಕು ಬಂದದ್ದು ಪಾತ್ರೆ ಎಂಬ ಈ ಎರಡನೆಯ ಅರ್ಥ ಗಟ್ಟಿಯಾದ ಮೇಲೆ. ಉತ್ತರ ಕರ್ನಾಟಕದಲ್ಲಿ ಮರಾಠಿ, ಹಿಂದಿಗಳ ದಾರಿಯಿಂದ ಬಂದ ಟಾಕಿ ಎಂಬ ರೂಪ ಬಳಕೆಯಲ್ಲಿದೆ. ದುರ್ಗದ ಕಡೆ ಟ್ಯಾಂಕು ಎನ್ನುತ್ತಾರೆ, ಬೀದಿಬದಿಯ ಚಿಕ್ಕದಕ್ಕೆ ಮಿನಿ ಟ್ಯಾಂಕು ಅಥವಾ ತೊಂಬೆ ಎಂಬ ಮಾತೂ ಉಂಟು. ವಿದ್ಯುತ್ತು, ಕೊಳವೆಬಾವಿ ಮತ್ತು ಪಂಪುಸೆಟ್ಟುಗಳು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಳ್ಳಿಗಳನ್ನು ಮುಟ್ಟಿದಾಗ ಕುಡಿಯುವ ನೀರಿನ ನೆಲೆ ಕೆರೆ, ಬಾವಿಗಳಿಂದ ಕಂಬಗಳ ಮೇಲಿನ ಎತ್ತರದ ತೊಟ್ಟಿಗೆ ವರ್ಗವಾಯಿತು. ಈ ವರ್ಗಾವಣೆಯಲ್ಲಿ ಹೆಣ್ಣುಮಕ್ಕಳ ಹೊರೆ ತಗ್ಗಿದ್ದು ಸಣ್ಣ ಲಾಭವಲ್ಲ, ಅದನ್ನು ಮರೆತು ಹಳೆಯದನ್ನು ಹೊಗಳುವುದು ನ್ಯಾಯವೂ ಅಲ್ಲ. ಆದರೆ ಟ್ಯಾಂಕಿಗೆ ತನ್ನದೇ ನೀರಿಲ್ಲ. ಬೇರೆಲ್ಲಿಂದಲೋ ತಂದು ತುಂಬಿಸಬೇಕು. ಹೊಸದುರ್ಗ, ಹಿರಿಯೂರುಗಳ ತೆಂಗು, ಅಡಿಕೆ ತೋಟಗಳು ಕೊಳವೆಬಾವಿಗಳ ಮೇಲೆ ನಿಂತು ಅಂತರ್ಜಲ ಆಳಕ್ಕೆ ಇಳಿದಾಗ ಹಲವು ಊರುಗಳಲ್ಲಿ ಟ್ಯಾಂಕಿಗೆ ಏರಿದ ನೀರು ಫ್ಲೋರೈಡ್ ಹೆಚ್ಚಿದ ನೀರಾಯಿತು. ಬೇಸಿಗೆಯಲ್ಲಿ ಆ ಟ್ಯಾಂಕನ್ನೂ ತುಂಬಲಾರದೆ ಟ್ಯಾಂಕರುಗಳು ಊರಿಗೆ ಬರಬೇಕಾಯಿತು. ಕೆರೆಯ ಅಂಗಳದಿಂದ ಗೋಡು ಮಣ್ಣು, ಅಂದರೆ ಮಳೆ ತಂದು ಸುರಿದ ಮೆಕ್ಕಲು, ಬೇಸಿಗೆಯಲ್ಲಿ ಗಾಡಿಗಳಲ್ಲಿ ಹೊಲಕ್ಕೆ ಹೋಗುತ್ತಿದ್ದ ರೂಢಿ ನಿಂತು ಹೂಳು ಉಳಿದದ್ದೂ, ಕೆರೆಗೆ ನೀರು ತರುವ ಹಳ್ಳಗಳು ಮುಚ್ಚಿಹೋದದ್ದೂ, ಕೆರೆಯ ಕೆಳಗೇ ಬಾವಿಗಳು ಬತ್ತಿದ್ದೂ ಇದೇ ಅವಧಿಯ ಸಂಗತಿಗಳು. ಇವುಗಳ ಪರಸ್ಪರ ಸಂಬಂಧವನ್ನು ಕಾಣಲು ಟ್ಯಾಂಕು ಎಂಬ ಮಾತು ನೆರವಾಗುವುದಿಲ್ಲ, ಏಕೆಂದರೆ ಪಾತ್ರೆಗೆ ಜಲಾನಯನವೂ ಇಲ್ಲ, ಒರತೆಯೂ ಇಲ್ಲ.

ಕಾನೂನಿನ ಭಾಷೆಯಲ್ಲಿ ಗೊಂದಲ ಇನ್ನೂ ಮುಗಿದಿಲ್ಲ. 40 ಹೆಕ್ಟೇರಿನಿಂದ 2,000 ಹೆಕ್ಟೇರಿನವರೆಗೆ ಅಚ್ಚುಕಟ್ಟಿರುವ ಕೆರೆ ಸಣ್ಣ ನೀರಾವರಿ ಇಲಾಖೆಯದು, ಅದಕ್ಕೂ ಚಿಕ್ಕದು ಪಂಚಾಯತಿಗಳದು. ವಿಂಗಡಣೆಯ ಅಳತೆಗೋಲು ರೂಪಾಯಿಯಿಂದ ಹೆಕ್ಟೇರಿಗೆ ಬದಲಾಯಿತಾದರೂ ಗೋಕಟ್ಟೆಯ ಸ್ಥಿತಿ ಹೆಚ್ಚು ಬದಲಾಗಲಿಲ್ಲ. ವಿಶ್ವಬ್ಯಾಂಕಿನ ನೆರವಿನಿಂದ 2002ರಲ್ಲಿ ಆರಂಭವಾಗಿ ಚಿತ್ರದುರ್ಗವನ್ನೂ ಒಳಗೊಂಡ ಸಮುದಾಯ ಆಧಾರಿತ ಕೆರೆ ನಿರ್ವಹಣೆಯ ಯೋಜನೆ ಊರಿನವರ ಸಂಘಗಳಿಗೆ ಕೆರೆಯ ಹೊಣೆ ಒಪ್ಪಿಸಲು ಯತ್ನಿಸಿತು. 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆ ಇಂಗ್ಲಿಷಿನಲ್ಲಿ ಕೆರೆಯನ್ನು ‘ಲೇಕ್’ ಎಂದು ಕರೆಯಿತು. 2018ರ ತಿದ್ದುಪಡಿಯ ಬಳಿಕ ಅದು ಮತ್ತೆ ‘ಟ್ಯಾಂಕ್’ ಆಯಿತು. ಕನ್ನಡದಲ್ಲಿ ಎರಡೂ ಸಲ ಕೆರೆಯೇ.

ಈಚಿನ ಬದಲಾವಣೆ ಪದದ್ದಲ್ಲ, ವಸ್ತುವಿನದು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 367 ಕೆರೆಗಳಿಗೆ ನೀರೆತ್ತಿ ತುಂಬಿಸುವ ಉದ್ದೇಶವಿದ್ದು, 2019ರಿಂದ ಭದ್ರೆಯ ನೀರು ಪಂಪುಗಳ ಮೂಲಕ ವಾಣಿವಿಲಾಸ ಸಾಗರವನ್ನೂ ಸೇರುತ್ತಿದೆ. 1933ರಲ್ಲಿ ಕೋಡಿ ಬಿದ್ದಿದ್ದ ಆ ಸಾಗರ 89 ವರ್ಷಗಳ ಅನಂತರ 2022ರ ಸೆಪ್ಟೆಂಬರಿನಲ್ಲಿಯೂ ಮತ್ತೆ 2025ರ ಜನವರಿಯಲ್ಲಿಯೂ ಕೋಡಿ ಹರಿದದ್ದರಲ್ಲಿ ಮಳೆಯ ಪಾಲಿನೊಂದಿಗೆ ಪಂಪಿನ ಪಾಲೂ ಇತ್ತು. ಎರಡೂ ಸಲ ಜನ ತಂಡೋಪತಂಡವಾಗಿ ಬಂದು ನೋಡಿದರು, ಬಾಗಿನ ಅರ್ಪಣೆಯಾಯಿತು. ಬರದ ನಾಡಿಗೆ ಈ ನೀರು ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ತನ್ನ ಹಳ್ಳಗಳಿಂದ ತುಂಬುತ್ತಿದ್ದ ಕೆರೆಯನ್ನು ದೂರದ ಕೊಳವೆಯಿಂದ ತುಂಬಿಸಬೇಕಾದಾಗ ಅದು ಟ್ಯಾಂಕಿನ ಎರಡನೆಯ ಅರ್ಥಕ್ಕೆ, ಅಂದರೆ ಪಾತ್ರೆಯ ಅರ್ಥಕ್ಕೆ, ನಿಜವಾಗಿಯೂ ಹತ್ತಿರವಾಗುತ್ತದೆ. ಯಾರು, ಯಾವಾಗ, ಎಷ್ಟು ತುಂಬಿಸುತ್ತಾರೆ ಎಂಬ ನಿರ್ಧಾರ ಊರಿನ ಕೈ ತಪ್ಪುತ್ತದೆ. ಪಟ್ಟಿಯಲ್ಲಿ ತಮ್ಮ ಕೆರೆಯ ಹೆಸರಿಲ್ಲದ ಊರುಗಳು ಅದನ್ನು ಸೇರಿಸಬೇಕೆಂದು ಮನವಿ ಸಲ್ಲಿಸುತ್ತಿವೆ. ಆ ಮನವಿಗಳ ಜೊತೆಗೆ, ಪ್ರತಿ ಹೋಬಳಿಯಲ್ಲಿ ಗ್ರಾಮ ನಕಾಶೆಗಳನ್ನು ಹಿಡಿದು ಕೆರೆ, ಕಟ್ಟೆ, ಗೋಕಟ್ಟೆ, ಕುಂಟೆಗಳನ್ನು ಅವುಗಳ ಸ್ವಂತ ಹೆಸರಿನಲ್ಲಿ, ಅವುಗಳಿಗೆ ನೀರು ತರುವ ಹಳ್ಳಗಳ ಸಮೇತ, ಬೇರೆ ಬೇರೆಯಾಗಿ ದಾಖಲಿಸುವ ಕೆಲಸವೂ ಆಗಬೇಕಾಗಿದೆ.